ಕೆಲಸ ಬಿಡೋ ಮುಂಚೆ ಒಂದು ಮಾತು

(ತಾಲ್ಲೂಕು ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)

ಸಂಗಾತಿಗಳೇ,

ನೆನ್ನೆ ರಾತ್ರಿ ಊಟ ಆದಮೇಲೆ ಒಬ್ಬ ಹುಡುಗ ನನ್ನ ಪಕ್ಕ ಬಂದು ಕೂತ. ಗುಮಾಸ್ತನ ಕೆಲಸ, ಎರಡು ವರ್ಷದ ಸರ್ವಿಸು. ಕತೆ ಬರೀತಾನೆ. 'ಅಣ್ಣಾ, ನೀವು ಕೆಲಸ ಬಿಟ್ಟು ಬರವಣಿಗೆಗೆ ನಿಂತಿರಿ. ನಾನೂ ಬಿಟ್ಟುಬಿಡ್ಲಾ?' ಅಂದ. ಆಗ ಉತ್ತರ ಹೊಳೀಲಿಲ್ಲ. ಈಗ ಎಲ್ಲರೆದುರು ಹೇಳ್ತೀನಿ.

ಬ್ಯಾಂಕಲ್ಲಿ ಠೇವಣಿ, ಊರಲ್ಲಿ ಗದ್ದೆ ಇದ್ದೋರು ಕೆಲಸ ಬಿಟ್ಟರೆ ಅದನ್ನ ತ್ಯಾಗ ಅಂತಾರೆ. ನಮ್ಮ ಕೇರಿ ಹುಡುಗ ಬಿಟ್ಟರೆ ಒಂದು ಮನೆಯ ಒಲೆ ಆರುತ್ತೆ. ನಮ್ಮ ಸಂಬಳ ನಮ್ಮೊಬ್ಬರದಲ್ಲ. ತಂಗಿ ಮದುವೆ ಸಾಲ, ತಮ್ಮನ ಫೀಸು, ಅಪ್ಪನ ಔಷಧಿ ಎಲ್ಲ ಅದರಲ್ಲೇ. ನಾನು ರಾಜೀನಾಮೆ ಕೊಟ್ಟ ದಿನ ನಮ್ಮವ್ವ ಬಯ್ಯಲಿಲ್ಲ. 'ಬರ್ದುದ್ದ ಬೇಯ್ಸ್ಕಂಡು ಉಣ್ಣಕ್ಕಾದದ್ಲಾ ಮಗ?' ಅಂತ ಕೇಳಿದ್ಲು, ಅಷ್ಟೇ. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಜವಾಬಿಲ್ಲ.

ಹಾಗಾದ್ರೆ ಯಾಕೆ ಬಿಟ್ಟೆ? ಪಕ್ಕದ ಊರಿನ ಹೋಟೆಲಲ್ಲಿ ನಮ್ಮವರಿಗೆ ಬೇರೆ ಲೋಟ ಇಟ್ಟಿದ್ರು. ದೂರು ಕೊಟ್ಟರೂ ಅಧಿಕಾರಿಗಳು ತಿರುಗಿ ನೋಡಲಿಲ್ಲ. ಅದನ್ನ ಬರೆದೆ. ಸರ್ಕಾರಿ ನೌಕರ ಸರ್ಕಾರವನ್ನ ಟೀಕೆ ಮಾಡಬಾರದು ಅಂತ ಕಚೇರಿಯಿಂದ ನೋಟೀಸು ಬಂತು. ಆಮೇಲೆ ಬೇರೆ ಹೆಸರಲ್ಲಿ ಬರೆದೆ. ದೂರು ಕೊಟ್ಟ ಕೂಲಿಯೋರು ತಮ್ಮ ಹೆಸರಿಗೆ ಹೆಬ್ಬೆಟ್ಟು ಒತ್ತಿದ್ರು, ಓದಿದ ನಾನು ಅಡಗಿ ಕೂತಿದ್ದೆ. ಅದನ್ನ ನನಗೆ ತಡೆಯೋಕೆ ಆಗಲಿಲ್ಲ.

ಈ ಕಷ್ಟ ಬಾಬಾಸಾಹೇಬರಿಗೂ ಇತ್ತು. 1918ರಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಲ್ಲಿ ಪ್ರೊಫೆಸರ್ ಆದರು. ಸರ್ಕಾರಿ ಕಾಲೇಜು, ತಿಂಗಳಿಗೆ 450 ರೂಪಾಯಿ. 1920ರ ಜನವರಿ 31ಕ್ಕೆ 'ಮೂಕನಾಯಕ' ಹೊರಟಿತು. ಬರೆಯೋರು ಬಾಬಾಸಾಹೇಬರು, ಸಂಪಾದಕ ಅಂತ ಹೆಸರು ಪಾಂಡುರಂಗ ನಂದರಾಮ ಭಟಕರ್ ಅವರದು. 'ಕೇಸರಿ' ಪತ್ರಿಕೆ ಕಾಸು ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲಿಲ್ಲ. ಅದೇ ಮಾರ್ಚಿನಲ್ಲಿ ಕೆಲಸ ಬಿಟ್ಟರು. ಆದರೆ ಬರಿಗೈಲಿ ಬಿಡಲಿಲ್ಲ, ಇದನ್ನ ಗಮನಿಸಿ. ಲಂಡನ್ನಿನ ಓದು ಮುಗಿಸಬೇಕಾಗಿತ್ತು. ಸಂಬಳದಲ್ಲಿ ಉಳಿಸಿದ್ದು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಕೊಟ್ಟ ಸಾಲ ಎಲ್ಲ ಕೂಡಿಸಿಕೊಂಡು ಹೋದರು. ಬ್ಯಾರಿಸ್ಟರಾಗಿ ಬಂದು, 1927ರ ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ತೆಗೆದಾಗ ಸಂಪಾದಕರ ಜಾಗದಲ್ಲಿ ಅವರದೇ ಹೆಸರು. ಹೊಟ್ಟೆಗೆ ವಕೀಲಿ ಇತ್ತು, ಅರೆಹೊತ್ತಿನ ಪಾಠ ಇತ್ತು. ಅಂಥ ಪತ್ರಿಕೆಯೂ ದುಡ್ಡಿಲ್ಲದೆ 1929ರಲ್ಲಿ ನಿಂತಿತು.

ನನ್ನ ತಪ್ಪೂ ಹೇಳ್ತೀನಿ. ಉಳಿತಾಯ ಇಲ್ಲದೆ ಬಿಟ್ಟೆ. ಮೊದಲನೇ ವರ್ಷ ಬರೆದದ್ದು ಕಮ್ಮಿ, ಸಾಲಕ್ಕೆ ಅಲೆದದ್ದು ಜಾಸ್ತಿ. ಮನೆಯಾಕೆ ಬಟ್ಟೆ ಹೊಲಿದು ಸಂಸಾರ ಎಳೆದಳು. ನನ್ನ ಹೆಸರು ಅಚ್ಚಾಗುತ್ತೆ, ಅವಳ ಹೆಸರು ಎಲ್ಲೂ ಬರಲ್ಲ. ಈಗ ಪ್ರೆಸ್ಸಲ್ಲಿ ಕರಡು ತಿದ್ದಿ ಅರ್ಧ ದಿನ ದುಡೀತೀನಿ, ಅರ್ಧ ದಿನ ಬರೀತೀನಿ.

ಆದ್ದರಿಂದ ತಮ್ಮಾ, ಕೆಲಸದಲ್ಲಿದ್ದೇ ಬರೆಯೋಕೆ ಆಗ್ತಿದ್ರೆ ಇದ್ದು ಬರಿ. ಬೆಳಗಿನ ಜಾವ ಎರಡು ತಾಸು ಸಿಕ್ಕರೂ ಕತೆ ಆಗುತ್ತೆ. ಕೆಲಸ ನಿನ್ನ ಬಾಯಿ ಕಟ್ಟಿದ ದಿನ ಬಿಡು. ಅದಕ್ಕೆ ಮುಂಚೆ ಸಾಲ ತೀರಿಸು, ವರ್ಷದ ರಾಗಿಗೆ ದಾರಿ ಮಾಡ್ಕೊ. ಮನೆಯೋರಿಗೆ ಹೇಳಿ ಸುಮ್ಮನಾಗಬೇಡ, ಅವರನ್ನ ಕೇಳು.

ಉಳಿದೋರಿಗೂ ಒಂದು ಮಾತು. ಈ ಪತ್ರಿಕೆ ತಗೊಂಡು 'ಆಮೇಲೆ ಕೊಡ್ತೀನಿ' ಅಂದೋರು ಇಲ್ಲೇ ಕೂತಿದೀರಿ. ನಮ್ಮ ಬದುಕು ನಮ್ಮವರೇ ಬರೀಬೇಕು ಅಂತೀವಿ, ಬರೆಯೋನು ಏನು ಉಣ್ತಾನೆ ಅಂತ ಕೇಳಲ್ಲ. ಸಂಬಳ ಬರೋರು ತಿಂಗಳಿಗೆ ಇಷ್ಟು ಅಂತ ಸಂಘಕ್ಕೆ ಕೊಡಿ. ನಾಳೆ ಇನ್ನೊಬ್ಬ ಹುಡುಗ ಕೆಲಸ ಬಿಟ್ಟಾಗ ಅವರವ್ವನಿಗೆ ಜವಾಬು ಹೇಳೋದು ಅವನೊಬ್ಬನ ಪಾಲಿಗೆ ಬರಬಾರದು.

ಜೈ ಭೀಮ್.