ಮಾಚು ಪಿಚುಗೆ ಯಾವ ತಿಂಗಳು? ಮಳೆ, ಜನ, ಮತ್ತು ಒಂದೇ ಒಂದು ಪ್ರಯಾಣದ ಲೆಕ್ಕ

ಇವತ್ತಿನ ಸಂಚಿಕೆ ಒಂದೇ ಪ್ರಶ್ನೆ ಬಗ್ಗೆ. ಪೆರು ದೇಶದ ಮಾಚು ಪಿಚು ನೋಡೋಕೆ ಯಾವ ತಿಂಗಳು ಒಳ್ಳೇದು? ಇಂಟರ್‌ನೆಟ್‌ನಲ್ಲಿ ಹುಡುಕಿದ್ರೆ ಒಂದೇ ಸಾಲಿನ ಉತ್ತರ ಸಿಗುತ್ತೆ: ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಆ ಉತ್ತರ ತಪ್ಪಲ್ಲ. ಆದ್ರೆ ಅದು ಅರ್ಧ ಉತ್ತರ. ಉಳಿದ ಅರ್ಧ ಏನು ಅಂತ ಇವತ್ತು ನೋಡೋಣ.

ಮೊದಲು ಸ್ವಲ್ಪ ಭೂಗೋಳ. ಪೆರು ಇರೋದು ದಕ್ಷಿಣ ಗೋಳಾರ್ಧದಲ್ಲಿ. ನಮಗೆ ಜೂನ್, ಜುಲೈ ಅಂದ್ರೆ ಮಳೆಗಾಲ. ಅಲ್ಲಿ ಅದೇ ತಿಂಗಳುಗಳು ಒಣ ಚಳಿಗಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವರ ಮಳೆಗಾಲ, ಅದರಲ್ಲೂ ಜನವರಿ, ಫೆಬ್ರವರಿಯಲ್ಲಿ ಜೋರು. ಮಾಚು ಪಿಚು ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ, ಆಂಡಿಸ್ ಪರ್ವತಗಳ ಪೂರ್ವದ ಇಳಿಜಾರಿನಲ್ಲಿದೆ. ಅಮೆಜಾನ್ ಕಡೆಯಿಂದ ಬರುವ ತೇವದ ಗಾಳಿ ಇಲ್ಲಿ ಬೆಟ್ಟಕ್ಕೆ ತಾಗಿ ಮೋಡವಾಗುತ್ತೆ. ಹಾಗಾಗಿ ಒಣ ಋತುವಿನಲ್ಲೂ ಬೆಳಗ್ಗೆ ಮಂಜು ಮುಚ್ಚಿಕೊಂಡಿರೋದು ಮಾಮೂಲು. ಸೂರ್ಯೋದಯ ನೋಡ್ತೀನಿ ಅಂತ ನಸುಕಿನಲ್ಲೇ ಹೋಗಿ ಬಿಳೀ ಗೋಡೆ ನೋಡಿ ಬಂದವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಒಣ ಋತುವಿನ ಬೆಲೆ. ಹಣದ ಬೆಲೆ ಮಾತ್ರ ಅಲ್ಲ. ಜೂನ್ 24ಕ್ಕೆ ಕುಸ್ಕೊ ನಗರದಲ್ಲಿ ಇಂತಿ ರೈಮಿ, ಅಂದ್ರೆ ಸೂರ್ಯನ ಹಬ್ಬ. ಜುಲೈ 28, 29ಕ್ಕೆ ಪೆರುವಿನ ಸ್ವಾತಂತ್ರ್ಯ ದಿನದ ರಜೆ, ಆ ದೇಶದವರೇ ಕುಟುಂಬ ಸಮೇತ ಹೊರಡ್ತಾರೆ. ಅಮೆರಿಕ, ಯೂರೋಪಿನ ಬೇಸಿಗೆ ರಜೆಯೂ ಅದೇ ಹೊತ್ತಿಗೆ. 2024ರಿಂದ ಮಾಚು ಪಿಚುಗೆ ದಿನಕ್ಕೆ 4,500 ಜನರ ಮಿತಿ ಇದೆ, ಬೇಡಿಕೆ ಹೆಚ್ಚಿರುವ ಕೆಲವು ದಿನಗಳಲ್ಲಿ 5,600. ಟಿಕೆಟ್ ಮೇಲೆ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಒಳಗೆ ಹೋಗುವ ಗಂಟೆ, ನಡೆಯಬೇಕಾದ ದಾರಿ ಎಲ್ಲ ನಮೂದಾಗಿರುತ್ತೆ. ಇಷ್ಟ ಬಂದ ಕಡೆ ತಿರುಗೋ ಹಾಗಿಲ್ಲ. ಜುಲೈನಲ್ಲಿ ನಿಮಗೆ ಬೇಕಾದ ಹೊತ್ತು, ಬೇಕಾದ ದಾರಿ ಸಿಗಬೇಕು ಅಂದ್ರೆ ತಿಂಗಳುಗಟ್ಟಲೆ ಮೊದಲೇ ಕೊಂಡಿರಬೇಕು. ನಾನು ಕಾಮರ್ಸ್ ಓದಿದವಳು. ನನಗೆ ಇದು ತುಂಬಾ ಸರಳವಾಗಿ ಕಾಣುತ್ತೆ. ಸರಕು ಅಷ್ಟೇ ಇದೆ, ಕೊಳ್ಳುವವರೆಲ್ಲ ಒಂದೇ ದಿನ ಅಂಗಡಿಗೆ ಬಂದಿದ್ದಾರೆ.

ಹಾಗಾದ್ರೆ ಮಳೆಗಾಲದಲ್ಲೇ ಹೋಗಿಬಿಡೋಣ, ಜನ ಕಡಿಮೆ, ಹೋಟೆಲ್ ಅಗ್ಗ ಅಂತೀರಾ? ಸ್ವಲ್ಪ ತಡೀರಿ. ಮಾಚು ಪಿಚುವಿನ ಬುಡದಲ್ಲಿರುವ ಆಗ್ವಾಸ್ ಕಾಲಿಯೆಂಟೆಸ್ ಊರಿಗೆ ಹೊರಗಿನಿಂದ ನೇರ ರಸ್ತೆಯೇ ಇಲ್ಲ. ರೈಲಿನಲ್ಲಿ ಹೋಗಬೇಕು, ಇಲ್ಲ ನಡೆದು ಹೋಗಬೇಕು. ಆ ಹಳಿ ಉರುಬಂಬಾ ನದಿಯ ಪಕ್ಕದಲ್ಲೇ, ಕಡಿದಾದ ಕಣಿವೆಯಲ್ಲಿ ಸಾಗುತ್ತೆ. 2010ರ ಜನವರಿ ಕೊನೆಯಲ್ಲಿ ಭಾರೀ ಮಳೆಗೆ ನದಿ ಉಕ್ಕಿ ಹಳಿ ಕೊಚ್ಚಿಹೋಯಿತು. ಸಾವಿರಾರು ಪ್ರವಾಸಿಗರು ಆ ಸಣ್ಣ ಊರಿನಲ್ಲಿ ಸಿಕ್ಕಿಹಾಕಿಕೊಂಡರು, ಅವರನ್ನು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಯಿತು. ಮಾಚು ಪಿಚು ಮತ್ತೆ ತೆರೆದಿದ್ದು ಏಪ್ರಿಲ್ 1ಕ್ಕೆ. ಇದು ಪ್ರತಿ ವರ್ಷ ಆಗೋದಲ್ಲ, ನಿಜ. ಆದ್ರೆ ಸಣ್ಣಪುಟ್ಟ ಭೂಕುಸಿತ, ರೈಲು ತಡ, ಇವು ಆ ತಿಂಗಳುಗಳಲ್ಲಿ ಇದ್ದದ್ದೇ. ನಾಲ್ಕು ದಿನ ನಡೆಯುವ ಪ್ರಸಿದ್ಧ ಇಂಕಾ ಟ್ರೇಲ್ ಅನ್ನು ದುರಸ್ತಿಗೆ ಅಂತ ಫೆಬ್ರವರಿ ಪೂರ್ತಿ ಮುಚ್ಚಿಬಿಡ್ತಾರೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಾವು ಮಳೆಯನ್ನು ತೊಂದರೆ ಅಂತ ನೋಡ್ತೀವಿ. ಆ ಊರು ಕಟ್ಟಿದವರು ಮಳೆಯನ್ನು ಲೆಕ್ಕಕ್ಕೆ ತಗೊಂಡೇ ಕಟ್ಟಿದ್ದಾರೆ. ಅಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. 15ನೇ ಶತಮಾನದಲ್ಲಿ ಇಂಕಾ ದೊರೆ ಪಚಕುಟಿಯ ಕಾಲದಲ್ಲಿ, ಇಷ್ಟು ಮಳೆ ಬೀಳುವ ಕಡಿದಾದ ಬೆಟ್ಟದ ನೆತ್ತಿಯ ಮೇಲೆ ಊರು ಕಟ್ಟಿದರು. ಅಮೆರಿಕದ ಜಲ ಎಂಜಿನಿಯರ್ ಕೆನೆತ್ ರೈಟ್ ಮತ್ತು ಅವರ ಜೊತೆಗಾರರು ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿ ನೋಡಿದಾಗ, ನೂರಕ್ಕೂ ಹೆಚ್ಚು ನೀರು ಹೊರಹೋಗುವ ಕಿಂಡಿಗಳು ಸಿಕ್ಕವು. ಮೆಟ್ಟಿಲು ಮೆಟ್ಟಿಲಾದ ಹೊಲಗಳ ಒಳಗೆ ಕೆಳಗಡೆ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮಣ್ಣು. ದೊಡ್ಡ ಅಂಗಳದ ಅಡಿಯಲ್ಲಿ ಕಲ್ಲಿನ ಚೂರುಗಳ ಪದರ. ಅವರ ಅಂದಾಜಿನಲ್ಲಿ ಅಲ್ಲಿನ ಕೆಲಸದ ಅರ್ಧಕ್ಕಿಂತ ಹೆಚ್ಚು ನಮ್ಮ ಕಣ್ಣಿಗೆ ಕಾಣದೆ ನೆಲದಡಿ ಇದೆ. ಆ ಊರು ಇನ್ನೂ ಜಾರಿ ಬೀಳದೆ ನಿಂತಿರೋದು ಅದರಿಂದ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಮನೆಯಲ್ಲೇ ಈ ಚರ್ಚೆ ನಡೀತಾ ಇದೆ. ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕ, ದೊಡ್ಡಪ್ಪನ ಮಗಳು, ಅಪ್ಪ ಅಮ್ಮನನ್ನು ಅಲ್ಲಿಗೆ ಕರ್ಕೊಂಡು ಹೋಗಬೇಕು ಅಂತಿದ್ದಾಳೆ. ಅವಳಿಗೆ ರಜೆ ಸಿಗೋದು ಡಿಸೆಂಬರ್ ಕೊನೇ ವಾರ. ದೊಡ್ಡಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು, ಅವರಿಗೆ 71. ಈ ಚರಂಡಿ ಕಥೆ ಕೇಳಿದ ಮೇಲೆ, "ನೀರು ಹರಿಯೋದನ್ನ ಮಳೇಲೇ ನೋಡ್ಬೇಕು ಕಣಮ್ಮ" ಅಂತಾರೆ. ದೊಡ್ಡಮ್ಮನಿಗೆ ಮಂಡಿ ನೋವು. "ಒದ್ದೆ ಕಲ್ಲಿನ ಮೇಲೆ ನಾನು ಕಾಲಿಡಲ್ಲ" ಅನ್ನೋದು ಅವರ ಮಾತು. ಇನ್ನೊಂದು ಸಲ ಇಷ್ಟು ದೂರ ಬರೋಕೆ ಇಬ್ಬರಿಗೂ ಆಗಲ್ಲ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. "ಯಾವ ತಿಂಗಳು" ಅನ್ನೋ ಪ್ರಶ್ನೆಯ ಹಿಂದೆ ಇರೋ ನಿಜವಾದ ಪ್ರಶ್ನೆ ಇದು: ಏನು ಕಳ್ಕೊಂಡ್ರೆ ನಿಮಗೆ ಪರವಾಗಿಲ್ಲ, ಏನು ಕಳ್ಕೊಂಡ್ರೆ ತಡ್ಕೊಳ್ಳೋಕೆ ಆಗಲ್ಲ?

ಅಕ್ಕನಿಗೆ ನಾನು ಹೇಳಿದ್ದು ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಆಗ ಮಳೆ ಹಿಂದೆ ಸರಿದಿರುತ್ತೆ, ಬೆಟ್ಟ ಇನ್ನೂ ಹಸಿರಾಗಿರುತ್ತೆ, ಜೂನ್ ಜುಲೈನ ಜನ ಇನ್ನೂ ಬಂದಿರಲ್ಲ. ಒಂದೆರಡು ಮಳೆ ಸಿಕ್ಕಿದ್ರೂ ಸಿಗಬಹುದು, ದೊಡ್ಡಪ್ಪನಿಗೆ ಅಷ್ಟು ಸಾಕು. ಆ ವರ್ಷದ ಈಸ್ಟರ್ ವಾರವನ್ನು ಮಾತ್ರ ನೋಡಿ ಬಿಟ್ಟುಬಿಡಿ, ಆಗ ಅಲ್ಲಿ ಜನಜಾತ್ರೆ. ಕರ್ನಾಟಕದಿಂದ ಮಕ್ಕಳನ್ನು ಕರ್ಕೊಂಡು ಹೋಗುವವರಿಗೂ ಇದು ಬೇಸಿಗೆ ರಜೆಯ ಹೊತ್ತೇ. ಎರಡನೇ ಆಯ್ಕೆ ಅಕ್ಟೋಬರ್. ಮಳೆ ಆಗಷ್ಟೇ ಶುರುವಾಗ್ತಿರುತ್ತೆ, ನಮ್ಮ ದಸರಾ ರಜೆಯೂ ಹೆಚ್ಚಾಗಿ ಆ ಆಸುಪಾಸಿನಲ್ಲೇ ಬರುತ್ತೆ. ಅಕ್ಕ ರಜೆ ಬದಲಾಯಿಸ್ತಾಳಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ತಿಂಗಳು ಯಾವುದೇ ಇರಲಿ, ಇಷ್ಟು ನೆನಪಿಟ್ಟುಕೊಳ್ಳಿ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಮಾಚು ಪಿಚುಗಿಂತ ಹೆಚ್ಚು. ವಿಮಾನ ಇಳಿದ ಕೂಡಲೇ ಓಡಾಡಬೇಡಿ. ವಯಸ್ಸಾದವರಿದ್ದರೆ ನೇರವಾಗಿ ಕೆಳಗಿನ ಕಣಿವೆಗೆ ಇಳಿದು ಅಲ್ಲಿ ಉಳಿಯಿರಿ, ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಜೂನ್, ಜುಲೈ ರಾತ್ರಿ ಕುಸ್ಕೊದಲ್ಲಿ ಚಳಿ ಸೊನ್ನೆ ಡಿಗ್ರಿ ಹತ್ತಿರ ಹೋಗುತ್ತೆ, ದಪ್ಪ ಸ್ವೆಟರ್ ಬೇಕು. ಒಳಗೆ ಛತ್ರಿ ಬಿಡಲ್ಲ, ರೇನ್‌ಕೋಟ್ ಇಟ್ಟುಕೊಳ್ಳಿ. ವಯಸ್ಸಾದವರು ತುದಿಗೆ ರಬ್ಬರ್ ಇರುವ ಕೋಲು ತಗೊಂಡು ಹೋಗಬಹುದು. ಶೌಚಾಲಯ ಇರೋದು ಬಾಗಿಲ ಹೊರಗೆ ಮಾತ್ರ, ಒಳಗೆ ಎಲ್ಲೂ ಇಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. 2023ರ ಜನವರಿಯಲ್ಲಿ ಮಾಚು ಪಿಚು ಮುಚ್ಚಿದ್ದು ಮಳೆಗಲ್ಲ, ದೇಶದಲ್ಲಿ ನಡೀತಿದ್ದ ಪ್ರತಿಭಟನೆಗೆ. ಅದನ್ನು ಯಾವ ಪಂಚಾಂಗವೂ ಹೇಳಲ್ಲ. ಆಗ್ವಾಸ್ ಕಾಲಿಯೆಂಟೆಸ್‌ನಲ್ಲಿ ಎರಡು ರಾತ್ರಿ ಉಳಿದು, ಎರಡು ದಿನಕ್ಕೆ ಬೇರೆ ಬೇರೆ ಹೊತ್ತಿನ ಟಿಕೆಟ್ ತಗೊಂಡ್ರೆ, ಒಂದು ದಿನ ಮೋಡ ಮುಚ್ಚಿದ್ರೂ ಇನ್ನೊಂದು ದಿನ ಕೈಯಲ್ಲಿರುತ್ತೆ. ಟಿಕೆಟ್‌ಗೆ ಹೆಚ್ಚು ಖರ್ಚಾಗುತ್ತೆ, ಹೌದು. ಅರ್ಧ ಭೂಮಿ ದಾಟಿ ಹೋಗಿ ಬರೀ ಮಂಜು ನೋಡಿ ಬರೋದಕ್ಕೆ ಹೋಲಿಸಿದ್ರೆ ಅದು ಸಣ್ಣ ಮೊತ್ತ.

ನೀವು ಯಾವ ತಿಂಗಳಲ್ಲಿ ಹೋಗಿದ್ರಿ, ಏನು ಸಿಕ್ತು, ಏನು ತಪ್ಪಿಹೋಯ್ತು ಅಂತ ನನಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.