ಕವಚದ ವಿದ್ಯೆ, ಬೆತ್ತಲೆ ಮೈ



ಮಹಾಗಾಂವ, ಗಡಹಿಂಗ್ಲಜ, ಕೊಲ್ಲಾಪುರ ಅಂದರೆ ಕುಸ್ತಿಯ ಸೀಮೆ. ಇಲ್ಲಿನ ತಾಲೀಮುಗಳಲ್ಲಿ ಹುಡುಗರನ್ನು ಪಳಗಿಸುವ ವಸ್ತಾದರ ಕಣ್ಣೇ ಬೇರೆ. ಪಟ್ಟು ಹಾಕುವಾಗ ಯಾವ ಸ್ನಾಯು ಬಿಗಿಯಬೇಕು, ಯಾವುದು ಸಡಿಲಿರಬೇಕು ಎಂದು ನೋಡುತ್ತಲೇ ಹೇಳುತ್ತಾರೆ. ನವೋದಯ ಕಾಲದ ಯುರೋಪಿನ ಕಲಾವಿದರೂ ಇಂಥ ಕಣ್ಣಿಗಾಗಿ ಹಂಬಲಿಸಿದವರು. ಫ್ಲಾರೆನ್ಸಿನ ಪೊಲ್ಲೈವೊಲೊ 15ನೇ ಶತಮಾನದಲ್ಲಿ ಹತ್ತು ಬೆತ್ತಲೆ ಗಂಡಸರ ಕಾಳಗವನ್ನು ತಗಡಿನಲ್ಲಿ ಕೊರೆದು ಅಚ್ಚು ಹಾಕಿದ. ಅದ್ಭುತ ಕೆಲಸ. ಆದರೆ ಎಲ್ಲರ ಎಲ್ಲ ಸ್ನಾಯುಗಳೂ ಒಮ್ಮೆಲೇ ಸೆಟೆದುಕೊಂಡಿವೆ. ಅಖಾಡದಲ್ಲಿ ಮೈ ಹಾಗಿರುವುದಿಲ್ಲ.

ಕೊರೆಯುವುದಕ್ಕೆ ಕೈಬಲ ಬೇಕು. ಎಚ್ಚಿಂಗ್ ಎಂಬ ಇನ್ನೊಂದು ವಿಧಾನ ಹಾಗಲ್ಲ. ತಗಡಿಗೆ ಮೇಣ ಬಳಿದು ಸೂಜಿಯಿಂದ ಸರಾಗವಾಗಿ ಬರೆಯುತ್ತಾರೆ. ಗೆರೆ ಬಿದ್ದಲ್ಲಿ ಮೇಣ ಹೋಗಿ ಲೋಹ ಕಾಣುತ್ತದೆ, ಅಷ್ಟನ್ನೇ ಆಮ್ಲ ತಿನ್ನುತ್ತದೆ. ಆ ತಗ್ಗಿಗೆ ಮಸಿ ತುಂಬಿ ಒದ್ದೆ ಕಾಗದ ಒತ್ತಿದರೆ ಚಿತ್ರ. ಈ ವಿದ್ಯೆ ಮೊದಲು ಇದ್ದದ್ದು ಸೈನಿಕರ ಉಕ್ಕಿನ ಕವಚಕ್ಕೆ ಅಲಂಕಾರ ಬಿಡಿಸುವವರ ಕೈಯಲ್ಲಿ. ಆಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ 1500ರ ಸುಮಾರಿಗೆ ಅದನ್ನು ಕಾಗದಕ್ಕೆ ತಂದ. ಏಟು ತಾಗದಂತೆ ಮೈ ಮುಚ್ಚುತ್ತಿದ್ದ ಲೋಹದ ವಿದ್ಯೆಯಿಂದಲೇ, ಮುಚ್ಚಿಕೊಳ್ಳಲು ಏನೂ ಇಲ್ಲದ ಮನುಷ್ಯನನ್ನು ಬರೆಯಲು ಬಂತು. ನನಗಿದು ದೊಡ್ಡ ಸಂಗತಿ.

1515ರ ಸುಮಾರಿಗೆ ಜರ್ಮನಿಯ ಕಲಾವಿದ ಡ್ಯೂರರ್ ಕಬ್ಬಿಣದ ತಗಡಿನ ಮೇಲೆ ಬರೆದದ್ದು ಅಂಥವನನ್ನೇ. ಮಂಡಿಯೂರಿ ತನ್ನ ತಲೆಗೂದಲು ಹಿಡಿದು ಜಗ್ಗಿಕೊಳ್ಳುವ ಬೆತ್ತಲೆ ಮನುಷ್ಯ. ಕಥೆ ಯಾವುದೆಂದು ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕಥೆ ಬೇಕಾಗಿಯೂ ಇಲ್ಲ. ಸಂಕಟ ಎಷ್ಟಿದೆಯೆಂದು ಆ ಬಾಗಿದ ಮೈಯೇ ಹೇಳುತ್ತದೆ. ಪೊಲ್ಲೈವೊಲೊನ ಹತ್ತು ಬಲಶಾಲಿಗಳಿಗಿಂತ ಈ ಒಬ್ಬ ಸೋತವನು ನನಗೆ ಹತ್ತಿರದವನು. ಡ್ಯೂರರ್ ಮಾಡಿದ ಎಚ್ಚಿಂಗ್‌ಗಳು ಆರೇ ಆರು. ಕಬ್ಬಿಣದ ಮೇಲೆ ಗೆರೆ ಒರಟಾಗುತ್ತಿತ್ತು, ಬೇಕಾದ ನಯ ಬರುತ್ತಿರಲಿಲ್ಲ. ಈ ಚಿತ್ರಕ್ಕಂತೂ ಆ ಒರಟುತನವೇ ಒಪ್ಪಿದೆ.

ಯುರೋಪಿನ ಅಚ್ಚುಚಿತ್ರಗಳು ನಮ್ಮ ಕಡೆಗೂ ಬಂದವು. ಆಂಬೋಲಿ ಘಟ್ಟ ಇಳಿದರೆ ಸಿಗುವ ಗೋವೆಯಿಂದಲೇ ಜೆಸ್ವಿಟ್ ಪಾದ್ರಿಗಳು 1580ರಲ್ಲಿ ಅವನ್ನು ಅಕ್ಬರನ ದರ್ಬಾರಿಗೆ ಒಯ್ದರು. 1600ರಲ್ಲಿ ಮೊಗಲ್ ಚಿತ್ರಶಾಲೆಯ ಅಬುಲ್ ಹಸನ್ ಎಂಬ ಹುಡುಗ, ಡ್ಯೂರರನ 1511ರ ಅಚ್ಚಿನಲ್ಲಿ ಶಿಲುಬೆಯ ಬಳಿ ನಿಂತ ಸಂತ ಜಾನನನ್ನು ನೋಡಿ ಬರೆದ. ಆ ಅಚ್ಚಿನಿಂದ ಅವನು ತೆಗೆದುಕೊಂಡದ್ದು ದುಃಖದಲ್ಲಿ ಕೈ ಹೊಸೆದುಕೊಂಡ ಆ ಒಬ್ಬ ಮನುಷ್ಯನನ್ನು ಮಾತ್ರ. ಚಿತ್ರ ಈಗ ಆಕ್ಸ್‌ಫರ್ಡಿನಲ್ಲಿದೆ. ಅದರ ಮೇಲೆ ಹುಡುಗನ ಹೆಸರು, ತಂದೆಯ ಹೆಸರು, ವಯಸ್ಸು ಬರೆದಿದೆ: 13.