ತಿದಿಯೊತ್ತಿದ ಕೈಗಳು

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಣವಾಗಿ ಮನೆಗೆ ಬಂದವರನ್ನು ಕೇಳಿದರೆ, ಕತ್ತಿ ಹಿಡಿದ ವೈದ್ಯರ ಹೆಸರನ್ನು ಬಾಯಿತುಂಬ ಹೇಳುವರು. ತಲೆಯ ಬಳಿ ಕುಳಿತು ಮೈಮರೆಸಿ, ಮತ್ತೆ ಮೈತಿಳಿಯುವವರೆಗೂ ಕಾದಿದ್ದವರ ಹೆಸರು ಅವರಿಗೆ ತಿಳಿದಿರುವುದಿಲ್ಲ. ತಿಳಿಯುವುದಾದರೂ ಹೇಗೆ? ಪರಿಚಯವಾಗುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಈ ಅರಿವಳಿಕೆಯ ವೈದ್ಯರ ಪೈಕಿ ಡೆನ್ಮಾರ್ಕ್ ದೇಶದ ಇಬ್ಬರ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇವರ ಕೆಲಸವೆಂದರೆ ನಿದ್ದೆ ಬರಿಸುವುದಷ್ಟೇ ಎಂದು ನಾವೂ ಬಹುಕಾಲ ಎಣಿಸಿದ್ದುಂಟು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷವು ೧೯೪೨ರಲ್ಲಿ ಔಷಧವಾಗಿ ಶಸ್ತ್ರಚಿಕಿತ್ಸೆಯ ಕೋಣೆಯನ್ನು ಹೊಕ್ಕಿತು. ಅದು ಸ್ನಾಯುಗಳನ್ನು ಸಡಿಲಿಸುತ್ತದೆ. ಕತ್ತಿಯ ಕೆಲಸಕ್ಕೆ ಇದರಿಂದ ಬಹಳ ಅನುಕೂಲ. ಆದರೆ ಉಸಿರೆಳೆಯುವ ಸ್ನಾಯುಗಳೂ ಜೊತೆಗೇ ಸಡಿಲವಾಗುವುದರಿಂದ ರೋಗಿಯು ತಾನಾಗಿ ಉಸಿರಾಡಲಾರನು. ಆಗ ಶ್ವಾಸನಾಳದೊಳಕ್ಕೆ ನಳಿಗೆಯನ್ನಿಳಿಸಿ, ಅದಕ್ಕೆ ರಬ್ಬರಿನ ಚೀಲವೊಂದನ್ನು ಜೋಡಿಸಿ, ಕಮ್ಮಾರನು ತಿದಿಯೊತ್ತುವಂತೆ ವೈದ್ಯನು ಅದನ್ನು ಒತ್ತುತ್ತಿರಬೇಕು. ಅಂಗೈಗೆ ತಗಲುವ ಬಿಗುವಿನಿಂದಲೇ ಶ್ವಾಸಕೋಶದ ಸ್ಥಿತಿಯನ್ನು ತಿಳಿಯುವ ಅಭ್ಯಾಸ ಇವರಿಗೆ ಹೀಗೆ ಬಂದಿತು.

೧೯೫೨ರ ಬೇಸಗೆಯಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಮಾರಿ ಹಿಡಿಯಿತು. ಈ ರೋಗವು ಕೈಕಾಲುಗಳನ್ನು ಕೆಡಿಸುವುದನ್ನು ನಾವೆಲ್ಲ ಬಲ್ಲೆವು. ಅಲ್ಲಿ ಅದು ಎಷ್ಟೋ ಮಂದಿಯ ಗಂಟಲನ್ನೂ ಉಸಿರನ್ನೂ ಹಿಡಿಯಿತು. ಜೊಲ್ಲನ್ನು ನುಂಗಲಾರದೆ ಅದು ಶ್ವಾಸಕೋಶಕ್ಕೇ ಇಳಿಯುತ್ತಿತ್ತು. ಸಾಂಕ್ರಾಮಿಕ ರೋಗಗಳ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿದ್ದುದು ಒಂದು ಉಕ್ಕಿನ ಶ್ವಾಸಕೋಶ, ಆರು ಎದೆಕವಚದ ಯಂತ್ರಗಳು. ಮೊದಲ ಕೆಲವು ವಾರಗಳಲ್ಲಿ ಇವುಗಳ ಆಸರೆ ಪಡೆದ ೩೧ ಮಂದಿಯಲ್ಲಿ ೨೭ ಮಂದಿ ತೀರಿಕೊಂಡರು. ಅವರಲ್ಲಿ ಬಹುಮಂದಿ ಮಕ್ಕಳು.

ಆಸ್ಪತ್ರೆಯ ಮುಖ್ಯಸ್ಥರಾದ ಲಾಸ್ಸೆನ್ನರ ಬಳಿ ಬ್ಯೋರ್ನೆಬೋ ಎಂಬ ಕಿರಿಯ ವೈದ್ಯರಿದ್ದರು. ಅರಿವಳಿಕೆಯವರೊಬ್ಬರನ್ನು ಕರೆಸಿ ಕೇಳೋಣವೆಂದು ಅವರು ಒತ್ತಾಯಮಾಡಿದರು. ಬಂದವರು ಬ್ಯೋರ್ನ್ ಇಬ್ಸೆನ್, ವಯಸ್ಸು ೩೬. ಬಾಸ್ಟನ್ ನಗರದಲ್ಲಿ ಕಲಿತು ಎರಡು ವರ್ಷಗಳ ಹಿಂದಷ್ಟೇ ಊರಿಗೆ ಮರಳಿದ್ದರು. ರೋಗಿಗಳ ರಕ್ತದಲ್ಲಿ ಕಂಡುಬಂದ ಒಂದು ಹೆಚ್ಚಳವನ್ನು ಅಲ್ಲಿಯ ವೈದ್ಯರು ಕಾರಣ ತಿಳಿಯದ ಕ್ಷಾರವೃದ್ಧಿಯೆಂದು ಎಣಿಸಿದ್ದರು. ಇಬ್ಸೆನ್ನರು ಇದು ಹೊರಹೋಗದೆ ಉಳಿದ ಇಂಗಾಲಾಮ್ಲದ ಗುರುತೆಂದು ಹೇಳಿದರು. ಪ್ರಾಣವಾಯು ಒಳಗೆ ಹೋದರೆ ಸಾಲದು, ಕೆಟ್ಟ ವಾಯು ಹೊರಗೆ ಬರಬೇಕು. ಯಂತ್ರಗಳು ಆ ಎರಡನೆಯ ಕೆಲಸವನ್ನು ಸರಿಯಾಗಿ ಮಾಡುತ್ತಿರಲಿಲ್ಲ.

ಆಗಸ್ಟ್ ೨೭ರಂದು, ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಅವರ ಕೈಗೊಪ್ಪಿಸಿದರು. ಕುತ್ತಿಗೆಯಲ್ಲಿ ರಂಧ್ರಮಾಡಿ ಶ್ವಾಸನಾಳಕ್ಕೆ ನಳಿಗೆಯಿಟ್ಟು ಚೀಲವನ್ನು ಒತ್ತಿದರೆ ಗಾಳಿ ಒಳಹೋಗಲೊಲ್ಲದು. ಹುಡುಗಿ ಹೆಣಗುತ್ತಿದ್ದಳು, ಶ್ವಾಸದ ದಾರಿಗಳು ಬಿಗಿದುಕೊಂಡಿದ್ದವು. ನೋಡಲು ನೆರೆದಿದ್ದ ಹಿರಿಯರು ಆಸೆ ಬಿಟ್ಟು ಒಬ್ಬೊಬ್ಬರಾಗಿ ಹೊರನಡೆದರು. ಇಬ್ಸೆನ್ನರು ಆಗ ಪೆಂಟೊಥಾಲ್ ಔಷಧವನ್ನು ಕೊಟ್ಟು ಅವಳ ಹೆಣಗಾಟವನ್ನೇ ನಿಲ್ಲಿಸಿದರು. ಉಸಿರಿಗಾಗಿ ಒದ್ದಾಡುವವಳ ಉಳಿದ ಉಸಿರನ್ನೂ ತಡೆಯುವುದೇ ಎಂದು ಕೇಳುವವರಿಗೆ ಅನ್ನಿಸಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅದು ಅವರ ನಿತ್ಯದ ಕೆಲಸವಾಗಿತ್ತು. ಮೈ ಸಡಿಲವಾಯಿತು, ಚೀಲ ಮೆತ್ತಗಾಯಿತು, ಎದೆ ಏರಿ ಇಳಿಯತೊಡಗಿತು. ಆ ಹುಡುಗಿ ಉಸಿರಿಗೆ ನೆರವನ್ನು ಪಡೆಯುತ್ತಲೇ ೧೯೭೧ರವರೆಗೆ ಬದುಕಿದ್ದಳು.

ಆದರೆ ಒಬ್ಬ ರೋಗಿಗೆ ಹಗಲಿರುಳು ಒತ್ತುವ ಕೈ ಬೇಕು. ಒಂದು ಸಮಯದಲ್ಲಿ ಇಂತಹ ರೋಗಿಗಳು ಎಪ್ಪತ್ತು ಮಂದಿಯಿದ್ದರು. ವೈದ್ಯವಿದ್ಯಾರ್ಥಿಗಳನ್ನೂ ದಂತವೈದ್ಯದ ವಿದ್ಯಾರ್ಥಿಗಳನ್ನೂ ಕರೆದರು. ಸುಮಾರು ೧೫೦೦ ಮಂದಿ ಸರದಿಯ ಮೇಲೆ ಬಂದು, ಒಟ್ಟು ೧,೬೫,೦೦೦ ಗಂಟೆಗಳ ಕಾಲ ಚೀಲವನ್ನೊತ್ತಿದರು. ಮಾತನಾಡಲಾರದ ಮಗುವಿನ ಕಣ್ಣನ್ನು ನೋಡುತ್ತ, ಗಾಳಿ ಸಾಕೇ ಸಾಲದೇ ಎಂದು ಅರಿಯುತ್ತ ಕೂರಬೇಕು. ಕೆಲವರ ಕೈಯಲ್ಲಿಯೇ ರೋಗಿಯ ಪ್ರಾಣ ಹೋಯಿತು. ಇಪ್ಪತ್ತರ ಹುಡುಗರಿಗೆ ಅದೆಂತಹ ಭಾರವೆಂಬುದನ್ನು ಅಂಕಿಗಳು ಹೇಳಲಾರವು. ನೂರಕ್ಕೆ ಎಂಬತ್ತೇಳರಷ್ಟಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ನರು ಪುರಸಭೆಯ ಆಸ್ಪತ್ರೆಯಲ್ಲಿ, ಯಾವ ರೋಗದವರಾದರೂ ಸರಿ, ಉಸಿರು ಕುಂದಿದವರನ್ನು ಒಂದೆಡೆ ಕಾಯುವ ಕೋಣೆಯನ್ನು ತೆರೆದರು. ನಾವು ಇಂದು ಐಸಿಯು ಎನ್ನುವುದರ ಮೂಲ ಅದು.

ವಿದ್ಯಾರ್ಥಿಗಳ ಚೀಲಕ್ಕೆ ಒಂದು ಕೊರತೆಯಿತ್ತು. ಅದು ತಾನಾಗಿ ಉಬ್ಬದು. ಸಿಲಿಂಡರಿನಿಂದ ವಾಯು ಹರಿಯುತ್ತಿರಲೇಬೇಕು. ಸಿಲಿಂಡರು ಬರಿದಾದರೆ ಮುಗಿಯಿತು. ಲಾರಿ ಚಾಲಕರ ಮುಷ್ಕರದಿಂದ ಸಿಲಿಂಡರುಗಳ ಸರಬರಾಜಿಗೆ ತೊಡಕಾದುದೇ ಹೆನ್ನಿಂಗ್ ರೂಬೆನ್ ಎಂಬ ಇನ್ನೊಬ್ಬ ಅರಿವಳಿಕೆಯ ವೈದ್ಯರನ್ನು ಈ ಯೋಚನೆಗೆ ಹಚ್ಚಿತೆಂದು ಹೇಳುತ್ತಾರೆ. ಕಫವನ್ನು ಹೀರುವ ಸಾಧನವೊಂದನ್ನು ಮೊದಲೇ ಇವರೊಡನೆ ಸೇರಿ ಮಾಡಿದ್ದ ಹೋಲ್ಗರ್ ಹೆಸ್ಸೆ ಎಂಬ ಇಂಜಿನಿಯರು ಈ ಕೆಲಸಕ್ಕೂ ಜೊತೆಯಾದರು. ಇಬ್ಬರೂ ಒಳಗೆ ಸ್ಪಂಜಿನಂತಹ ರಬ್ಬರನ್ನು ಹೊದಿಸಿದ ಚೀಲವನ್ನು ಮಾಡಿದರು. ಒತ್ತಿ ಬಿಟ್ಟರೆ ಅದು ತಾನೇ ಅರಳಿ ಸುತ್ತಣ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಯಿಯ ಬಳಿ ಒಂದು ಕವಾಟ; ಒಳಹೋಗುವ ಗಾಳಿ ಹೋಗುತ್ತದೆ, ಬಿಟ್ಟ ಉಸಿರು ಚೀಲಕ್ಕೆ ಮರಳದೆ ಹೊರಗೆ ಹೋಗುತ್ತದೆ. ಇಬ್ಸೆನ್ನರು ರಕ್ತದಲ್ಲಿ ಕಂಡ ದೋಷಕ್ಕೆ ಈ ಪುಟ್ಟ ಕವಾಟ ಕಾವಲು. ವಿದ್ಯುತ್ತು ಬೇಡ, ಸಿಲಿಂಡರೂ ಬೇಡ. ೧೯೫೬ರಲ್ಲಿ ಅದು ಆಂಬು ಎಂಬ ಹೆಸರಿನಲ್ಲಿ ಹೊರಬಂದಿತು.

ನಮ್ಮ ದೇಶದ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ, ಯಂತ್ರ ಬಿಡುವಾಗುವವರೆಗೆ ತಾಯಿಯೋ ಅಣ್ಣನೋ ಹಾಸಿಗೆಯ ಪಕ್ಕದಲ್ಲಿ ನಿಂತು ಈ ಚೀಲವನ್ನು ಗಂಟೆಗಟ್ಟಲೆ ಒತ್ತುತ್ತಿರುವುದನ್ನು ಕಾಣುವುದುಂಟು. ದಾದಿಯೊಬ್ಬರು ಬಂದು ಒತ್ತುವ ಲೆಕ್ಕವನ್ನು ತೋರಿಸಿಕೊಟ್ಟು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಕೈಸೋತಾಗ ಇನ್ನೊಬ್ಬರು ಎದ್ದು ಬಂದು, ಮಾತಿಲ್ಲದೆ, ಲೆಕ್ಕ ತಪ್ಪದಂತೆ ಚೀಲವನ್ನು ತೆಗೆದುಕೊಳ್ಳುತ್ತಾರೆ.